ಗೋಡೆಗೆ ಹಿಡಿದ ದುರ್ಬೀನು

ಕೆಲಸಕ್ಕೆ ಸೇರಿದ ದಿನ ನನಗೆ ಮೊದಲು ಕಲಿಸಿದ್ದು ಏನೇನನ್ನು ಮುಟ್ಟಬಾರದು ಎಂಬುದನ್ನು. ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಎತ್ತಬಾರದು, ಚಿಮುಟ ಬೇಕು. ಪಾದರಸ ಚೆಲ್ಲಿದರೆ ಬೆರಳು ಹಾಕಬಾರದು. ಗ್ರೇಟಿಂಗ್ ಎಂಬ ಒಂದು ಗಾಜಿನ ಚೂರು ಇರುತ್ತದೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು. ಅದನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಅಕ್ಷತಾ, ನೀನು ಬರುವ ತಿಂಗಳು ತೀರ್ಥಹಳ್ಳಿಯಲ್ಲಿ ಲ್ಯಾಬಿನ ಕೆಲಸಕ್ಕೆ ಸೇರುತ್ತೀಯಲ್ಲ, ನಿನಗೂ ಇದನ್ನೇ ಹೇಳುತ್ತಾರೆ. ಆದರೆ ಕೆಲವು ‘ಮುಟ್ಟಬಾರದು’ಗಳನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅವು ಮೊದಲಿನಿಂದಲೇ ಅಲ್ಲಿ ಇರುತ್ತವೆ. ಅವುಗಳ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತರೆ ಕಾಲು ನಿಲ್ಲುವುದಿಲ್ಲ, ಎದ್ದು ಒಲೆಯ ಹತ್ತಿರ ಹೋಗಿ ಬರುತ್ತೇನೆ. ಇವತ್ತು ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ನಿಮ್ಮ ಅಜ್ಜ ಸಾಗರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿನ ಅಟೆಂಡರ್ ಆಗಿದ್ದರು. ಕಾಲೇಜಿನ ಹೆಸರು ಬೇಡ. ಎಪ್ಪತ್ತರ ದಶಕದ ಮೊದಲಲ್ಲಿ ಅವರು ಜ್ವರದಲ್ಲಿ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಸ್ಲೇಟು ಹಿಡಿಯುವ ವಯಸ್ಸಿನವನು. ಅವರ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು. ಗಂಡಸರಿರುವ ಕೋಣೆಗೆ ಹೋಗುವಾಗ ಬಾಗಿಲಲ್ಲೇ ನಿಂತು, ಯಾರಾದರೂ ನೋಡಿದ ಮೇಲೆ ಒಳಗೆ ಹೋಗುತ್ತಿದ್ದೆ. ವಿಭಾಗದ ಮುಖ್ಯಸ್ಥರು ವಾಸುದೇವರಾಯರು. ಮೃದು ಮಾತಿನವರು, ಯಾರಿಗೂ ಏರುದನಿಯಲ್ಲಿ ಬೈದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ನೀನು ಅವರನ್ನು ಕೆಟ್ಟವರೆಂದುಕೊಳ್ಳಬಾರದು.

ನನ್ನ ದೊಡ್ಡ ಪೆದ್ದುತನ ಮೊದಲ ವರ್ಷವೇ ಆಯಿತು. ದಸರಾ ರಜೆ ಮುಗಿಸಿ ಬಂದಾಗ ತೂಕದ ಬಟ್ಟುಗಳು ಕಪ್ಪಿಟ್ಟಿದ್ದವು. ಹಿತ್ತಾಳೆ ಕಪ್ಪಾದರೆ ಏನು ಮಾಡಬೇಕೆಂದು ಯಾವ ಹೆಂಗಸಿಗೆ ತಿಳಿಯದು? ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಬಂಗಾರದ ಹಾಗೆ ಹೊಳೆಯಿಸಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟೆ. ಆ ವಾರ ಯಾರ ಲೆಕ್ಕವೂ ಸರಿ ಬರಲಿಲ್ಲ. ಬಟ್ಟುಗಳು ಸವೆದು ಹಗುರವಾಗಿದ್ದವು. ರಾಯರು ಒಂದು ಬಟ್ಟನ್ನು ಬೆಳಕಿಗೆ ಹಿಡಿದು ನೋಡಿ, “ನಾಗಮ್ಮ, ಇದನ್ನ ದೇವರ ಮುಂದೆ ಇಡಬಹುದು, ತಕ್ಕಡಿಯಲ್ಲಿ ಇಡೋ ಹಾಗಿಲ್ಲ” ಅಂದರು. ನಾನು ಅಳುವುದೊಂದು ಬಾಕಿ. ಆಮೇಲೆ ಎಷ್ಟೋ ವರ್ಷ ಹುಡುಗರು ತಪ್ಪು ಉತ್ತರ ಬಂದಾಗಲೆಲ್ಲ “ಹುಣಸೆಹಣ್ಣು ಸಾರ್” ಅನ್ನುತ್ತಿದ್ದರು.

ಇನ್ನೊಂದು ಸಂಗತಿಗೆ ಯಾರೂ ನಗಲಿಲ್ಲ. ತೀರ್ಥಹಳ್ಳಿ ಕಡೆಯ ದೇವಪ್ಪ ಎಂಬ ಹುಡುಗನಿದ್ದ, ಹರಿಜನರ ಹುಡುಗ. ಬಿಸಿನೀರು ಹೇಗೆ ಆರುತ್ತದೆ ಎಂದು ನೋಡುವ ಪ್ರಯೋಗದಲ್ಲಿ ಪ್ರತಿಯೊಬ್ಬರೂ ದೊಡ್ಡ ಪಾತ್ರೆಯಿಂದ ಕುದಿನೀರು ತೋಡಿಕೊಂಡು ಹೋಗಿ, ಗಡಿಯಾರ ನೋಡುತ್ತಾ ಶಾಖ ಬರೆದುಕೊಳ್ಳಬೇಕು. ದೇವಪ್ಪ ಪಾತ್ರೆಯ ಹತ್ತಿರ ಬರುತ್ತಿರಲಿಲ್ಲ. ಬರಬೇಡ ಎಂದು ಲ್ಯಾಬಿನಲ್ಲಿ ಯಾರೂ ಹೇಳಿದ್ದಿಲ್ಲ, ಬಾ ಎಂದೂ ಹೇಳಲಿಲ್ಲ. ಎಲ್ಲರದೂ ಆದ ಮೇಲೆ ಕೊನೆಯ ಬೆಂಚಿಗೆ ಯಾರಾದರೂ ಸುರಿದು ಬರಬೇಕು. ಅಷ್ಟರಲ್ಲಿ ನೀರು ಅರ್ಧ ಆರಿರುತ್ತಿತ್ತು. ನೀರು ಜೋರಾಗಿ ಆರುವುದು ಮೊದಲಲ್ಲೇ. ಆ ಭಾಗ ಅವನ ಗ್ರಾಫಿನಲ್ಲಿ ಇರುತ್ತಲೇ ಇರಲಿಲ್ಲ. ಮೇಷ್ಟ್ರು ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಅಜಾಗರೂಕ’ ಎಂದು ಬರೆದರು. ಮುಂದಿನ ವಾರದಿಂದ ಎಲ್ಲರಿಗೂ ನಾನೇ ನೀರು ಸುರಿಯತೊಡಗಿದೆ, ಕೊನೆಯ ಬೆಂಚಿನಿಂದ ಶುರುಮಾಡಿ. ಯಾರೂ ಏನೂ ಅನ್ನಲಿಲ್ಲ. ಇಷ್ಟಕ್ಕೇ ಸರಿಹೋಗುವುದಾದರೆ ಅಲ್ಲಿಯವರೆಗೆ ಯಾಕೆ ಆಗಿರಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈಗ ಸರೋಜಳ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕೆ.

ಲ್ಯಾಬಿನ ಮೂಲೆಯಲ್ಲಿ ಒಂದು ಕತ್ತಲೆ ಕೋಣೆ ಇತ್ತು. ಗೋಡೆಗೆ ಕಪ್ಪು ಬಣ್ಣ, ಬಾಗಿಲಿಗೆ ಎರಡು ಪದರದ ಕಪ್ಪು ಪರದೆ. ಬೆಳಕಿನ ಪ್ರಯೋಗಗಳೆಲ್ಲ ಅದರ ಒಳಗೆ. ನಾನು ಬರುವ ಮೊದಲು ಹೆಣ್ಣುಮಕ್ಕಳು ಆ ಕೋಣೆಗೆ ಕಾಲಿಟ್ಟವರೇ ಅಲ್ಲ. ಕತ್ತಲೆಯಲ್ಲಿ ಗಂಡು ಮೇಷ್ಟ್ರು, ಹುಡುಗಿಯರು, ಊರವರು ಸುಮ್ಮನಿರುತ್ತಾರೆಯೇ? ಹುಡುಗರು ನೋಡಿದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಹುಡುಗಿಯರು ನಕಲು ಮಾಡಿಕೊಂಡು ಹೋಗುತ್ತಿದ್ದರು. ನಾನು ಸೇರಿದ ಮೇಲೆ ರಾಯರಿಗೇ ಒಂದು ಉಪಾಯ ಹೊಳೆಯಿತು. “ನಾಗಮ್ಮ ಒಳಗೆ ಸ್ಟೂಲ್ ಹಾಕ್ಕೊಂಡು ಕೂರಲಿ. ಗಂಡ ಸತ್ತ ಹೆಂಗಸು ಜೊತೆಗಿದ್ದಾಳೆ ಅಂದರೆ ಯಾರೂ ಮಾತಾಡೋದಿಲ್ಲ.” ಹಾಗೆ ನನ್ನಿಂದಾಗಿ ಹುಡುಗಿಯರಿಗೆ ಆ ಪರದೆ ಸರಿಯಿತು. ಮೇಷ್ಟ್ರು ಮಾತ್ರ ಹೊರಗೇ ನಿಲ್ಲುತ್ತಿದ್ದರು, ಪರದೆಯ ಆಚೆಯಿಂದ ಕೂಗಿ ಪಾಠ.

ಆ ಪ್ರಯೋಗದ ಉಪಕರಣಕ್ಕೆ ಸ್ಪೆಕ್ಟ್ರೋಮೀಟರ್ ಎನ್ನುತ್ತಾರೆ. ಅದಕ್ಕೆ ಒಂದು ಪುಟ್ಟ ದುರ್ಬೀನು ಸೇರಿಸಿರುತ್ತಾರೆ. ಮೊದಲು ಅದನ್ನು ಹೊರಗೆ ತಂದು, ಬಹಳ ದೂರದ ಏನನ್ನಾದರೂ ನೋಡಿ, ಚೊಕ್ಕ ಕಾಣುವ ತನಕ ತಿರುಪು ತಿರುಗಿಸಬೇಕು. ಆಮೇಲೆ ಆ ತಿರುಪನ್ನು ಮುಟ್ಟುವ ಹಾಗಿಲ್ಲ. ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪದ ಎದುರು ಇಟ್ಟು, ದೀಪದ ಕಡೆಯ ಕೊಳವೆಯನ್ನು ದುರ್ಬೀನಿನಲ್ಲಿ ಬೆಳಕಿನ ಗೆರೆ ಚೊಕ್ಕ ಕಾಣುವ ಹಾಗೆ ಹೊಂದಿಸಿ, ನಡುವೆ ಗ್ರೇಟಿಂಗ್ ನಿಲ್ಲಿಸಿ, ದುರ್ಬೀನನ್ನು ಬದಿಗೆ ಸರಿಸುತ್ತಾ ಹೋದರೆ ದೀಪದ ಹಳದಿ ಬೆಳಕು ಎರಡು ಸಣ್ಣ ಗೆರೆಗಳಾಗಿ ಬೇರೆಬೇರೆ ಕಾಣಬೇಕು. ಪ್ರಯೋಗವೆಂದರೆ ಆ ಎರಡು ಗೆರೆ.

ಹುಡುಗರು ದುರ್ಬೀನನ್ನು ಮುಂದಿನ ಜಗಲಿಯಲ್ಲಿ ಇಟ್ಟು, ಮೈದಾನದ ಆಚೆ ಬಾಯ್ಸ್ ಹಾಸ್ಟೆಲಿನ ನೀರಿನ ಟ್ಯಾಂಕಿಗೆ ಹಿಡಿಯುತ್ತಿದ್ದರು. ಹುಡುಗಿಯರು ಜಗಲಿಯಲ್ಲಿ ನಿಂತು ಹುಡುಗರ ಹಾಸ್ಟೆಲಿಗೆ ದುರ್ಬೀನು ಹಿಡಿಯುವುದುಂಟೇ? ಅವರಿಗೆ ಹಿಂದಿನ ಕಿಟಕಿ. ಕಿಟಕಿಯಿಂದ ನಾಲ್ಕು ಹೆಜ್ಜೆಗೆ ಕಾಂಪೌಂಡ್ ಗೋಡೆ, ಅದರ ಮೇಲೆ ಒಂದು ಬಿರುಕು. ಬಿರುಕನ್ನು ನೋಡಿ ಹೊಂದಿಸಿಕೊಂಡು ಒಳಗೆ ಬರುತ್ತಿದ್ದರು. ಇದರಲ್ಲಿ ಏನಾದರೂ ತಪ್ಪಿದೆ ಎಂದು ನನಗೂ ಅನಿಸಿರಲಿಲ್ಲ, ಓದಿದವರಿಗೂ ಅನಿಸಿರಲಿಲ್ಲ.

ಸರೋಜ ನಾನು ಸೇರಿ ಏಳೆಂಟು ವರ್ಷವಾದ ಮೇಲೆ ಬಂದವಳು, ಹೊಸನಗರದ ಕಡೆಯ ಹುಡುಗಿ. ಅವಳಪ್ಪ ತಿಮ್ಮಪ್ಪನವರದು ಬಸ್ಸು ನಿಲ್ಲುವ ಜಾಗದಲ್ಲಿ ಒಂದು ದಿನಸಿ ಅಂಗಡಿ. ಮಗಳನ್ನು ಬಿ.ಎಸ್ಸಿ.ಗೆ ಬಿಟ್ಟಿದ್ದೇ ಒಂದು ಮಾತಿನ ಮೇಲೆ: ಕೊನೆಯ ವರ್ಷ ತಾವೇ ಬಂದು ರಾಯರನ್ನು ಕೇಳುತ್ತಾರೆ, ಇವಳು ಮುಂದೆ ಓದಲು ಲಾಯಕ್ಕು ಎಂದು ರಾಯರು ಅಂದರೆ ಮೈಸೂರಿಗೆ ಎಂ.ಎಸ್ಸಿ.ಗೆ ಕಳಿಸುತ್ತಾರೆ, ಇಲ್ಲವಾದರೆ ಶಿಕಾರಿಪುರದ ಕಡೆಯ ಸಂಬಂಧ ಕಾಯುತ್ತಿದೆ. ನಡುವೆ ಹುಡುಗಿಯ ಬಗ್ಗೆ ಒಂದು ಮಾತು ಕೇಳಿಬಂದರೂ ಅವತ್ತೇ ಓದು ಬಂದ್.

ಅವಳು ಮೊದಲ ಸಲ ಆ ಪ್ರಯೋಗ ಮಾಡಿದ ದಿನ ನಾನು ಸ್ಟೂಲಿನ ಮೇಲೆ ಇದ್ದೆ. ಸೋಡಿಯಂ ದೀಪ ಮೊದಲು ಗುಲಾಬಿಯಾಗಿ ಹತ್ತಿಕೊಂಡು ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಆ ಬೆಳಕಿನಲ್ಲಿ ಕೆಂಪೂ ಇಲ್ಲ ಹಸಿರೂ ಇಲ್ಲ, ಹುಡುಗಿಯರ ಹಣೆಯ ಕುಂಕುಮವೂ ಕಪ್ಪು. ಹೊರಗಿನಿಂದ ಪ್ರಭಾಕರ ಮೇಷ್ಟ್ರು ಕೂಗಿದರು. ಹೊಸದಾಗಿ ಸೇರಿದ್ದ ಎಳೆಯ ಮೇಷ್ಟ್ರು ಅವರು.

“ಕಾಣ್ತಾ?”

“ಕಾಣ್ತು ಸಾರ್.”

“ಎಷ್ಟು?”

“ಒಂದು.”

“ಎರಡು. ಸರಿಯಾಗಿ ನೋಡು.”

“ನೋಡ್ದೆ ಸಾರ್. ಅಗಲಕ್ಕೆ ಒಂದೇ ಪಟ್ಟಿ ತರ ಇದೆ.”

“ನಿನ್ನ ಹಿಂದಿನವರೆಲ್ಲ ಎರಡು ಅಂತ ಬರೆದಿದ್ದಾರಲ್ಲ.”

“ಅವ್ರು ಬರೆದಿದ್ದಾರೆ ಸಾರ್. ನಂಗೆ ಒಂದೇ ಕಾಣ್ತಾ ಇರೋದು.”

ಜೊತೆಯ ಹುಡುಗಿ ಅವಳ ಕೈ ಚಿವುಟಿದಳು. “ಎರಡು ಅಂತ ಬರಿಯೇ ಮಾರಾಯ್ತಿ. ನಂಗೂ ಕಂಡಿಲ್ಲ, ಹೇಳಿದ್ನಾ ನಾನು?” ಸರೋಜ ಎರಡು ಎಂದು ಬರೆಯಲಿಲ್ಲ.

ಹುಡುಗಿಯರೆಲ್ಲ ಹೋದ ಮೇಲೆ ಪ್ರಭಾಕರ ಮೇಷ್ಟ್ರು ಒಳಗೆ ಬಂದು ತಾವೇ ಇಣುಕಿದರು. ಅವರಿಗೂ ಒಂದೇ ಪಟ್ಟಿ. ಗ್ರೇಟಿಂಗ್ ತೆಗೆದು ನೋಡಿ ನನ್ನ ಕಡೆ ತಿರುಗಿದರು. “ನಾಗಮ್ಮ, ಇದಕ್ಕೂ ಹುಣಸೆಹಣ್ಣು ಹಾಕಿದ್ರಾ?” ನಾನು ಅಂಚು ಬಿಟ್ಟು ಮುಟ್ಟಿದವಳಲ್ಲ. ಮರುದಿನ ಹುಡುಗರ ತಂಡ ಅದೇ ಗ್ರೇಟಿಂಗಿನಲ್ಲಿ ಎರಡು ಗೆರೆ ನೋಡಿತು. ಗಾಜಿನ ಮೇಲಿನ ಅನುಮಾನ ಹೋಯಿತು, ಹುಡುಗಿಯರ ಕಣ್ಣಿನ ಮೇಲೆ ಬಂದು ಕೂತಿತು.

ಅದು ಹೊಸ ಅನುಮಾನವೇನಲ್ಲ ಎಂದು ನನಗೆ ಆಗ ತಿಳಿಯಿತು. ಹೆಣ್ಣುಮಕ್ಕಳಿಗೆ ಗ್ರೇಟಿಂಗ್ ಒಗ್ಗುವುದಿಲ್ಲ, ಅಷ್ಟು ಸೂಕ್ಷ್ಮ ಅವರ ಕಣ್ಣಿಗೆ ಸಿಗುವುದಿಲ್ಲ ಎಂದು ವಿಭಾಗದಲ್ಲಿ ಎಲ್ಲರೂ ನಂಬಿದ್ದರು. ಪರೀಕ್ಷೆಯಲ್ಲಿ ಹುಡುಗಿಯರು ಎತ್ತುವ ಚೀಟಿಗಳಲ್ಲಿ ಆ ಪ್ರಯೋಗವನ್ನೇ ಹಾಕುತ್ತಿರಲಿಲ್ಲ. ಅವರಿಗೆ ಉಪಕಾರ ಮಾಡಿದ ಹಾಗೆ. ರಾಯರು ಸರೋಜಳನ್ನು ಕರೆದು ಸಮಾಧಾನದಿಂದಲೇ ಹೇಳಿದರು, ನಾನು ಪಕ್ಕದಲ್ಲಿ ಕಪಾಟು ಒರೆಸುತ್ತಿದ್ದೆ.

“ನೀನು ಜಾಣೆ ಕಣಮ್ಮ. ಆದರೆ ಎಂ.ಎಸ್ಸಿ.ಯಲ್ಲಿ ಇದೆಲ್ಲ ಸ್ವಂತ ಕೈಯಲ್ಲಿ ಆಗಬೇಕು. ನಾನು ಇಷ್ಟು ವರ್ಷದಿಂದ ನೋಡ್ತಿದ್ದೇನೆ, ಒಬ್ಬ ಹುಡುಗಿಗೂ ಎರಡು ಗೆರೆ ಸಿಕ್ಕಿಲ್ಲ. ಸಿಕ್ಕಿತು ಅಂದವರೂ ಬೋರ್ಡು ನೋಡಿ ಅಂದವರು. ನಿಮ್ಮಪ್ಪ ಬಂದಾಗ ಸುಳ್ಳು ಹೇಳಲಾರೆ. ಬಿ.ಎಡ್. ಮಾಡಿಸಿ ಅಂತಲೇ ಹೇಳ್ತೇನೆ.”

“ಆಯ್ತು ಸಾರ್” ಎಂದು ಅವಳು ಹೊರಗೆ ಹೋದಳು. ಆಮೇಲೆ ಜಗಲಿಯ ಕಂಬದ ಮರೆಯಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದಾಗ, ಹುಡುಗರು ಅಲ್ಲೇ ದುರ್ಬೀನು ಹೊಂದಿಸುತ್ತಾ ಹಾಸ್ಟೆಲಿನಲ್ಲಿ ಯಾರ ಬನಿಯನ್ ಒಣಗುತ್ತಿದೆ ಎಂದು ತಮಾಷೆ ಮಾಡುತ್ತಿದ್ದುದು ಅವಳ ಕಿವಿಗೆ ಬಿತ್ತು. ಸೀದಾ ನನ್ನ ಹತ್ತಿರ ಬಂದಳು.

“ನಾಗಕ್ಕ, ಅವ್ರು ಯಾಕೆ ಅಲ್ಲಿಂದ ನೋಡೋದು? ನಾವ್ಯಾಕೆ ಹಿಂದ್ಗಡೆ?”

“ಅದು ಗಂಡುಮಕ್ಕಳ ಜಾಗ ಅಲ್ವೇನೆ.”

ಅವಳು ಪುಸ್ತಕ ತೆಗೆದು ಓದಿದಳು, ಹಿಂದಿನ ಕಿಟಕಿಗೆ ಹೋಗಿ ಗೋಡೆ ನೋಡಿದಳು, ತಿರುಗಿ ಬಂದಳು. “ನಾಗಕ್ಕ, ದೂರದ ವಸ್ತು ಅಂತ ಇದೆ. ಗೋಡೆ ಎಲ್ಲಿ ದೂರ? ಕೊಕ್ಕೆ ಹಾಕಿದ್ರೆ ಸಿಗ್ತದೆ.”

ಪ್ರಭಾಕರ ಮೇಷ್ಟ್ರನ್ನು ಕೇಳಿದಳು. ಅವರು, “ನೀನು ಹೇಳೋದು ಸರಿ ಇರಬಹುದು. ಆದರೆ ಜಗಲಿ ಬೇಡ. ನಿಮ್ಮಪ್ಪ ಬಂದರೆ ಮೊದಲು ನನ್ನ ಕುತ್ತಿಗೆಪಟ್ಟಿ ಹಿಡೀತಾರೆ” ಎಂದು ಎದ್ದು ಹೋದರು.

ಆ ದಿನವೆಲ್ಲ ನನಗೆ ಅದೇ ಯೋಚನೆ. ಒಂದು ಬೀಕರ್ ಒಡೆದೆ. ಜಗಲಿಗೆ ಹೋದರೆ ಇವಳ ಬಗ್ಗೆ ಮಾತು ಬರುತ್ತದೆ, ಓದು ನಿಲ್ಲುತ್ತದೆ. ಹೋಗದಿದ್ದರೆ ರಾಯರ ಮಾತಿನಿಂದ ಓದು ನಿಲ್ಲುತ್ತದೆ. ಎರಡೂ ಕಡೆ ಅದೇ. ಮರುದಿನ ಮಧ್ಯಾಹ್ನ ಸರೋಜ ಬಂದು, “ನಾನು ಹಿಡ್ಕೊಂಡು ಹೋಗ್ತೀನಿ. ನೀವು ಬರೋದು ಬ್ಯಾಡ, ನಿಮ್ ಕೆಲ್ಸಕ್ಕೆ ತೊಂದ್ರೆ” ಅಂದಳು. ಸ್ಪೆಕ್ಟ್ರೋಮೀಟರ್ ಕಬ್ಬಿಣದ ಸಾಮಾನು, ಒಬ್ಬಳಿಗೆ ಎತ್ತಲಾಗುವುದಿಲ್ಲ. ನಾನು ಇನ್ನೊಂದು ಬದಿ ಹಿಡಿದೆ.

ಜಗಲಿಗೆ ಬಂದು ಇಟ್ಟದ್ದೇ ತಡ, ಹಾಸ್ಟೆಲಿನ ಕಡೆಯಿಂದ ಒಂದು ಸಿಳ್ಳೆ. ಸರೋಜ ಬಗ್ಗಿ ಕಣ್ಣಿಟ್ಟಳು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: “ಸರೋಜಕ್ಕಾ, ಯಾರು ಬೇಕಿತ್ತು? ಹೆಸ್ರು ಹೇಳಿ, ಕರ್ದುಕೊಡ್ತೀವಿ.” ಇನ್ನೊಬ್ಬ, “ಸ್ನಾನ ಮಾಡ್ಕೊಂಡು ಬರ್ತಾನಂತೆ, ಸ್ವಲ್ಪ ತಡೀರಿ” ಅಂದ. ನಾನು ಸೆರಗು ಹಣೆಯ ತನಕ ಎಳೆದುಕೊಂಡು ಅವಳ ಪಕ್ಕದಲ್ಲೇ ನಿಂತೆ. ಅವಳ ಕಿವಿ ಕೆಂಪಾಗಿತ್ತು, ತಿರುಪು ತಿರುಗಿಸುವುದನ್ನು ಮಾತ್ರ ಬಿಡಲಿಲ್ಲ. “ಟ್ಯಾಂಕಿನ ಏಣಿ ಮೆಟ್ಲು ಎಣಿಸ್ಬೋದು ನಾಗಕ್ಕ. ಸಾಕು, ಎತ್ತಿ.”

ಕತ್ತಲೆ ಕೋಣೆಯಲ್ಲಿ ದೀಪ ಹಳದಿಯಾಗುವ ತನಕ ಕಾದೆವು. ಅವಳು ದುರ್ಬೀನನ್ನು ಬದಿಗೆ ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು. ಎದ್ದು ನನ್ನನ್ನು ಕೂರಿಸಿದಳು. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಕೂತಿದ್ದರೂ ನನಗೆ ನೋಡು ಎಂದು ಯಾರೂ ಹೇಳಿರಲಿಲ್ಲ. ಎರಡು ಎಳೆ, ನಡುವೆ ಕೂದಲಷ್ಟು ಕತ್ತಲೆ.

ಮಾತು ನಮಗಿಂತ ಬೇಗ ಹೊಸನಗರದ ಬಸ್ಸು ಹತ್ತಿತು. ಅಪ್ಪನ ಅಂಗಡಿಯ ಮುಂದೆಯೇ ಬಸ್ಸು ನಿಲ್ಲುವುದಲ್ಲವೇ. ಆ ವಾರವೇ ತಿಮ್ಮಪ್ಪನವರು ಬಂದರು. ಮೊದಲು ಮಗಳು ಇದ್ದ ಬಾಡಿಗೆ ಕೋಣೆಗೆ ಹೋಗಿ, ಅವಳ ಬಟ್ಟೆಬರೆ ಪುಸ್ತಕವನ್ನೆಲ್ಲ ಟ್ರಂಕಿಗೆ ತುಂಬಿಸಿ, ಕೂಲಿಯವನ ತಲೆಯ ಮೇಲೆ ಹೊರಿಸಿಕೊಂಡೇ ಕಾಲೇಜಿಗೆ ಬಂದಿದ್ದರು. ಟ್ರಂಕನ್ನು ಜಗಲಿಯಲ್ಲಿ ಇಳಿಸಿ ಲ್ಯಾಬಿನ ಬಾಗಿಲಲ್ಲಿ ನಿಂತರು, ಹಿಂದೆ ಸರೋಜ. ನಾನು ರಾಯರನ್ನು ಕರೆದೆ.

“ನಮಸ್ಕಾರ ಮೇಷ್ಟ್ರೇ. ಇವ್ಳನ್ನ ನಾನು ಓದಕ್ಕೆ ಕಳ್ಸಿದ್ದು. ಹುಡುಗ್ರ ಹಾಸ್ಟೆಲ್ ಕಾಯಕ್ಕಲ್ಲ.”

ರಾಯರಿಗೆ ತಲೆಬುಡ ತಿಳಿಯಲಿಲ್ಲ. “ಏನು ವಿಷಯ?”

“ಎಂತದು ಅಂತ ನನ್ನ ಕೇಳ್ತೀರಲ್ಲ ಮಾರಾಯ್ರೇ. ಜಗಲೀಲಿ ನಿಂತ್ಕಂಡು ಹಾಸ್ಟೆಲಿಗೆ ದುರ್ಬೀನು ಹಾಕ್ತಾಳಂತೆ. ಬಸ್ಸಿನಲ್ಲಿ ಬಂದೋರು ಒಬ್ಬೊಬ್ರೂ ಬೀಡಿ ತಗಳಕ್ಕೆ ಅಂತ ಇಳ್ದು ಇದನ್ನೇ ಹೇಳಿ ಹೋಗ್ತಾರೆ.”

ರಾಯರು ನನ್ನ ಕಡೆ ತಿರುಗಿದರು. “ಯಾರು ಇಡಲಿಕ್ಕೆ ಹೇಳಿದ್ದು?”

ಸರೋಜ, “ನಾನೇ ಸಾರ್” ಅಂದಳು. ತಲೆ ಎತ್ತಲಿಲ್ಲ.

“ಆಯ್ತಲ್ಲ” ಎಂದರು ತಿಮ್ಮಪ್ಪನವರು. “ನಡಿ, ಮಧ್ಯಾಹ್ನದ ಬಸ್ಸಿದೆ.”

ಅವರು ತಿರುಗುವಷ್ಟರಲ್ಲಿ ನಾನು ಕಪಾಟಿನಿಂದ ಸ್ಪೆಕ್ಟ್ರೋಮೀಟರನ್ನು ಒಬ್ಬಳೇ ಎತ್ತಿದ್ದೆ. ಹೇಗೆ ಎತ್ತಿದೆನೋ ಗೊತ್ತಿಲ್ಲ, ಸೊಂಟ ಒಂದು ತಿಂಗಳು ಹಿಡಿದುಕೊಂಡಿತ್ತು. ಜಗಲಿಗೆ ತಂದು ಅವರ ಮುಂದೆ ಇಟ್ಟೆ. ಬಾಯಿಗೆ ಬಂದದ್ದು ಒಂದೇ ಮಾತು. “ನೋಡಿ.”

ಹೆಂಗಸು ಹೇಳಿದಳೆಂದು ಮರ್ಯಾದೆಗೆ ಬಗ್ಗಿದರು. ಕಣ್ಣಿಟ್ಟರು, ತೆಗೆದರು, ಮತ್ತೆ ಇಟ್ಟರು.

“ಇದೆಂತದು, ಟ್ಯಾಂಕು ತಲೆಕೆಳಗು. ಹುಡುಗ್ರು ಬಾವಲಿ ಹಂಗೆ ನೇತಾಡ್ತಾವೆ.”

“ಇದ್ರಲ್ಲಿ ಎಲ್ಲಾ ಹಂಗೇ ಕಾಣೋದು ಅಪ್ಪಯ್ಯ” ಅಂದಳು ಸರೋಜ.

“ಮತ್ತೆ ಇದ್ರಲ್ಲಿ ನೀ ಯಾರ ಮುಖ ನೋಡ್ದೆ?”

“ಮುಖ ಅಲ್ಲ, ಏಣಿ.”

ತಿಮ್ಮಪ್ಪನವರು ಇನ್ನೂ ಒಂದು ಸಲ ನೋಡಿದರು. ಅವರ ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದರು. “ಏಣಿ ನೋಡಿ ಏನು ಸಿಕ್ತು?” ಅಂದರು. ಅವಳು, “ಒಳಗೆ ಬನ್ನಿ, ತೋರಿಸ್ತೀನಿ” ಅಂದಳು. ರಾಯರೂ ಹಿಂದೆ ಬಂದರು. ದೀಪ ಹತ್ತಿಸಿದ್ದು ನಾನು. ಅವಳು ಹೊಂದಿಸಿ ಪಕ್ಕಕ್ಕೆ ಸರಿದಳು.

“ಎರಡು” ಅಂದರು ತಿಮ್ಮಪ್ಪನವರು. ರಾಯರು ಕನ್ನಡಕ ತೆಗೆದು ಕಣ್ಣಿಟ್ಟರು, ಬಹಳ ಹೊತ್ತು ನೋಡಿದರು. ಸರೋಜ ಅಷ್ಟಕ್ಕೇ ಬಿಡಲಿಲ್ಲ. ಉಪಕರಣವನ್ನು ನನ್ನ ಜೊತೆ ಹಿಡಿದು ಹಿಂದಿನ ಕಿಟಕಿಗೆ ಒಯ್ದು, ಗೋಡೆಯ ಬಿರುಕಿಗೆ ಹೊಂದಿಸಿ, ತಿರುಗಿ ಒಳಗೆ ತಂದು ದೀಪದ ಕಡೆಯ ಕೊಳವೆಯನ್ನೂ ಅದಕ್ಕೆ ಸರಿಯಾಗಿ ಹೊಂದಿಸಿದಳು. “ಹುಡುಗೀರೆಲ್ಲ ಇಷ್ಟು ವರ್ಷ ಹೀಗೇ ಹೊಂದಿಸಿದ್ದು. ಈಗ ನೋಡಿ ಸಾರ್. ನೇರ ಕಾಣೋ ನಡುವಿನ ಗೆರೆ ಚೊಕ್ಕ ಇದೆ, ಅದಕ್ಕೇ ಯಾರಿಗೂ ಅನುಮಾನ ಬರ್ಲಿಲ್ಲ. ಬದಿಗೆ ಹೋದ್ರೆ ಎರಡೂ ಕೂಡ್ಕೊಂಡುಬಿಡ್ತವೆ.”

ರಾಯರು ನೋಡಿ ಎದ್ದರು. ತಿಮ್ಮಪ್ಪನವರು ನೋಡಿದರು. “ಒಂದೇ” ಅಂದರು. ಆಮೇಲೆ ಅಂಗಡಿಯವರ ಧಾಟಿಯಲ್ಲೇ ಕೇಳಿದರು: “ಹಂಗಾದ್ರೆ ಇಷ್ಟು ವರ್ಷ ಈ ಹುಡುಗೀರ್ಗೆ ಗೋಡೆ ತೋರ್ಸಿದ್ದು ಯಾರು ಮೇಷ್ಟ್ರೇ?”

ಹಳದಿ ಬೆಳಕಿನಲ್ಲಿ ರಾಯರ ಮುಖದ ಬಣ್ಣ ಗೊತ್ತಾಗುವ ಹಾಗಿರಲಿಲ್ಲ. ಅವರು ಕನ್ನಡಕ ಒರೆಸಿದರು, ಹಾಕಿಕೊಳ್ಳಲಿಲ್ಲ. ಮತ್ತೆ ಒರೆಸಿದರು. ಇಷ್ಟು ವರ್ಷದ ಹುಡುಗಿಯರು ಅವರ ಕಣ್ಣ ಮುಂದೆ ಬಂದರೋ ಏನೋ. ನನ್ನ ಕಣ್ಣ ಮುಂದೆ ಬಂದರು, ಒಬ್ಬೊಬ್ಬರಾಗಿ. ಬಿ.ಎಡ್.ಗೆ ಹೋದವರು, ಮದುವೆಯಾಗಿ ಹೋದವರು, ತಮ್ಮ ಕಣ್ಣೇ ಸರಿಯಿಲ್ಲ ಎಂದು ನಂಬಿಕೊಂಡು ಹೋದವರು. ಅವರಿಗೆಲ್ಲ ಯಾರು ಹೋಗಿ ಹೇಳುವುದು? ಈಗಲೂ ಸಾಗರದ ಸಂತೆಯಲ್ಲಿ ಅವರಲ್ಲಿ ಯಾರಾದರೂ ಸಿಕ್ಕಿ “ಚೆನ್ನಾಗಿದೀರಾ ನಾಗಕ್ಕ” ಅಂದರೆ ನಾನು ತರಕಾರಿ ನೋಡುವ ಹಾಗೆ ತಲೆ ತಗ್ಗಿಸುತ್ತೇನೆ.

“ಅದಿರಲಿ” ಅಂದರು ತಿಮ್ಮಪ್ಪನವರು. “ಮೈಸೂರಿಗೆ ಕಳಿಸ್ಬಹುದಾ, ಬ್ಯಾಡ್ದಾ? ಒಂದು ಮಾತು ಹೇಳಿ. ನಾನು ಆ ಮಾತಿನ ಮೇಲೇ ಕೂತಿರೋನು.”

ರಾಯರು ಸುಳ್ಳು ಹೇಳುವವರಲ್ಲ. ಆದರೆ ನಿಜ ಹೇಳಲು ಅವರಿಗೆ ಸಮಯ ಬೇಕಾಯಿತು. “ಹೆಣ್ಣುಮಕ್ಕಳಿಗೆ ಇದು ಆಗೋದಿಲ್ಲ ಅಂತ ಹೇಳಬೇಕು ಅಂತಿದ್ದೆ” ಅಂದರು. “ಹಾಗೆ ಹೇಳಲಿಕ್ಕೆ ಈಗ ನನ್ನ ಹತ್ತಿರ ಆಧಾರ ಇಲ್ಲ.”

ಅದು ಹೌದೋ ಅಲ್ಲವೋ ಎಂದು ತಿಮ್ಮಪ್ಪನವರಿಗೆ ಅರ್ಥವಾಗಲಿಲ್ಲ ಎಂದು ನನಗೆ ಅನಿಸಿತು. ಅವರು ಮತ್ತೆ ಕೇಳಲಿಲ್ಲ. ಪರದೆ ಸರಿಸಿ ಹೊರಗೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತರು. ಹಾಸ್ಟೆಲಿನ ಹುಡುಗರು ಇತ್ತ ನೋಡುತ್ತಿದ್ದರು. ಅವರು ಹುಡುಗರನ್ನು ನೋಡಿದರು. ಮಗಳನ್ನು ನೋಡಲಿಲ್ಲ. ಸರೋಜ ಟ್ರಂಕಿನ ಪಕ್ಕದಲ್ಲಿ, ಹೊರಡುವುದಕ್ಕೆ ತಯಾರಾಗಿ ನಿಂತಿದ್ದಳು.

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಬಸ್ಸಿಗೆ ಹೊತ್ತಾಯ್ತು” ಎಂದು ಮೆಟ್ಟಿಲು ಇಳಿದರು. ಕೆಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, “ಆ ಟ್ರಂಕು ವಾಪಸ್ ಅವ್ಳ ರೂಮಿಗೆ ಮುಟ್ಟಿಸ್ಬಿಡಿ ಅಮ್ಮಾ” ಅಂದರು.